ಎಂಟಾಣೆ ಮಜೂರಿ

ಬೀದರಿನ ಚೌಬಾರಾದ ಹತ್ತಿರ ನಿಂತು "ಅಜ್ಜಾನ ಬಂಡಿ ಎಲ್ಲದರಿ?" ಎಂದು ಯಾರನ್ನಾದರೂ ಕೇಳಿ, ಕೈ ಮಾಡಿ ತೋರಿಸುತ್ತಾರೆ. ಹೋಗಿ ನೋಡಿದರೆ ಅಲ್ಲಿ ಅಜ್ಜ ಇರುವುದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬ ಹೆಂಗಸು ಕಢಾಯಿಯ ಮುಂದೆ ನಿಂತು ಮಿರ್ಚಿ ಭಜಿ ಬಿಡುತ್ತಿರುತ್ತಾಳೆ. ಅಜ್ಜ, ಅಂದರೆ ನಮ್ಮಪ್ಪ, ತೀರಿಕೊಂಡದ್ದು 1994ರಲ್ಲಿ. ಈ ಹೆಂಗಸು ನನ್ನ ತಮ್ಮನ ಹೆಂಡತಿ. ಅಪ್ಪ ಆ ಬಂಡಿಯ ಮುಂದೆ ಎಷ್ಟು ವರ್ಷ ನಿಂತಿದ್ದನೋ ಹೆಚ್ಚುಕಡಿಮೆ ಅಷ್ಟೇ ವರ್ಷ ಇವಳೂ ನಿಂತಿದ್ದಾಳೆ. ಆದರೆ ಜನರ ಬಾಯಲ್ಲಿ ಅದು ಇವತ್ತಿಗೂ ಅಜ್ಜಾನ ಬಂಡಿಯೇ.

ಧಾರವಾಡಕ್ಕೆ ಫೇಡೆ, ಗೋಕಾಕಕ್ಕೆ ಕರದಂಟು, ಬೆಳಗಾವಿಗೆ ಕುಂದಾ ಎಂದು ಹೆಸರು ಅಂಟಿಕೊಂಡ ಹಾಗೆ ಮಿರ್ಚಿ ಭಜಿಗೆ ಯಾವ ಊರೂ ಅಂಟಿಕೊಂಡಿಲ್ಲ. ಬೀದರ ಎಂದರೆ ಬಿದರಿ. ಕೋಟೆಯ ಮಣ್ಣಿನಿಂದ ಕಪ್ಪೇರಿ, ಬೆಳ್ಳಿಯ ಎಳೆಗಳಿಂದ ಹೊಳೆಯುವ ಆ ಹೂಜಿ, ತಟ್ಟೆಗಳ ಹೆಮ್ಮೆ ನನಗೂ ಇದೆ. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಭಾಲ್ಕಿಯಲ್ಲಿ ಕೂತು ನಾನೂ ಸಂತೋಷಪಟ್ಟೆ. ಭಜಿಗೆ ಅಂಥದ್ದೇನೂ ಬರುವುದಿಲ್ಲ, ಬರಬೇಕೆಂದು ನಾನು ಹೇಳುತ್ತಲೂ ಇಲ್ಲ. ತಿಂದವರು ಬಾಯಿ ಒರೆಸಿಕೊಂಡು ಹೋದರೆ ಅಲ್ಲಿಗೆ ಅದರ ಚರಿತ್ರೆ ಮುಗಿಯಿತು. ನಾನು ಹೇಳಹೊರಟದ್ದು ಆ ಭಜಿಯ ಹಿಂದಿನ ಲೆಕ್ಕದ ವಿಷಯ.

ಅಪ್ಪ ಬಂಡಿ ಇಟ್ಟದ್ದು 1962ರಲ್ಲಿ. ಚೌಬಾರಾದಿಂದ ಮಹಮೂದ್ ಗಾವಾನನ ಮದರಸಾದ ಕಡೆಗೆ ಹೋಗುವ ರಸ್ತೆ ಅದು. 1472ರಲ್ಲಿ ಕಟ್ಟಿದ ಆ ದೊಡ್ಡ ಕಟ್ಟಡವನ್ನು ನೋಡಲು ಬಂದವರು, ಕೋಟೆಗೆ ಹೋಗುವವರು, ಕೋರ್ಟು ಕಚೇರಿಗೆ ಹಳ್ಳಿಯಿಂದ ಬಂದವರು, ಎಲ್ಲರೂ ಸಂಜೆ ಆ ದಾರಿಯಲ್ಲೇ ಹಾಯಬೇಕು. ನಾಲ್ಕು ಗಾಲಿಯ ಬಂಡಿ, ಒಂದು ಕಲ್ಲಿದ್ದಲ ಒಲೆ (ಮುಂದೆ ಅದು ಬುಸುಗುಡುವ ಪಂಪ್ ಸ್ಟೋ ಆಯಿತು), ಒಂದು ಕಢಾಯಿ, ಒಂದು ಝಾರಾ, ಕತ್ತಲಾದರೆ ಗ್ಯಾಸ್‌ಬತ್ತಿ. ಒಂದು ಬುಟ್ಟಿಯಲ್ಲಿ ಸುಸಲಾ, ಪಕ್ಕದಲ್ಲಿ ಬಿಸಿ ಭಜಿ. ಕಟ್ಟಿಕೊಡುವ ಹಳೆಯ ಪೇಪರು ಒಂದು ದಿನ ಉರ್ದು, ಒಂದು ದಿನ ಮರಾಠಿ, ಒಂದು ದಿನ ಕನ್ನಡ. ಎಣ್ಣೆ ಮಾತ್ರ ಮೂರೂ ಭಾಷೆಯನ್ನು ಒಂದೇ ರೀತಿ ಅಳಿಸಿಹಾಕುತ್ತಿತ್ತು. (2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದವರು ಅಚ್ಚಿನ ಮಸಿ ಹೊಟ್ಟೆಗೆ ಹೋಗುತ್ತದೆ, ಪೇಪರಿನಲ್ಲಿ ಕಟ್ಟಬೇಡಿ ಎಂದರು. ಈಗ ಬಿಳಿ ಕಾಗದದ ತಟ್ಟೆ.)

ಇದಿಷ್ಟು ಜನ ನೋಡಿದ್ದು. ಜನ ನೋಡದೆ ಇದ್ದದ್ದು ನಮ್ಮ ಮನೆಯ ಮಾಳಿಗೆ ಮತ್ತು ಪಡಸಾಲೆ.

ಅವ್ವನ ದಿನ ಬೆಳಗಿನ ಐದಕ್ಕೇ ಶುರು. ಕಡ್ಲಿಬ್ಯಾಳಿ ಆರಿಸಿ, ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿ, ಗಿರಣಿಗೆ ಕಳಿಸಬೇಕು. ಅಂಗಡಿಯ ಹಿಟ್ಟನ್ನು ಅಪ್ಪ ಮುಟ್ಟುತ್ತಿರಲಿಲ್ಲ, ಅದರಲ್ಲಿ ಬಟಾಣಿ ಬೆರೆಸಿರುತ್ತಾರೆಂದು ಅವನ ಗುಮಾನಿ. ಮಧ್ಯಾಹ್ನದ ಊಟವಾದ ಮೇಲೆ ಮೆಣಸಿನಕಾಯಿ. ಉದ್ದನೆಯ, ತಿಳಿಹಸಿರು ಮೆಣಸಿನಕಾಯಿಗಳನ್ನು ಒಂದೊಂದಾಗಿ ಸೀಳಿ, ಬೀಜ ತೆಗೆದು, ಹುಣಸೆಹಣ್ಣು, ಎಳ್ಳು, ಅಜವಾನ, ಉಪ್ಪು ಅರೆದ ಮಸಾಲೆ ತುಂಬಬೇಕು. ದಿನಕ್ಕೆ ಆರೇಳು ಸೇರು. ಮೆಣಸಿನಕಾಯಿಯ ಖಾರ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಇದು ಅವ್ವನಿಗೆ ಯಾವ ವಿಜ್ಞಾನದ ಪುಸ್ತಕ ಓದದೆಯೂ ಗೊತ್ತಿತ್ತು. ಕೆಲಸ ಮುಗಿದ ಮೇಲೆ ಕುಸುಬಿ ಎಣ್ಣೆ ಹಚ್ಚಿಕೊಂಡು ಕೈ ತಿಕ್ಕುತ್ತಿದ್ದಳು. ಆದರೂ ಉರಿ ರಾತ್ರಿಯವರೆಗೆ ಇರುತ್ತಿತ್ತು. ತಮ್ಮ ತೊಟ್ಟಿಲಲ್ಲಿ ಅತ್ತರೆ ಎತ್ತಿಕೊಳ್ಳುವ ಹಾಗಿರಲಿಲ್ಲ, ಕೂಸಿನ ಮೈಗೆ ಖಾರ ಹತ್ತುತ್ತದೆ. ಅವ್ವ ಮೊಳಕೈಯಿಂದ ತೊಟ್ಟಿಲು ತೂಗುತ್ತಿದ್ದಳು. ನನಗೆ ಅವ್ವನನ್ನು ನೆನೆದಾಗ ಮುಖಕ್ಕಿಂತ ಮೊದಲು ಆ ಮೊಳಕೈ ನೆನಪಾಗುತ್ತದೆ.

ನಾಲ್ಕಕ್ಕೆ ಹಿಟ್ಟು ಕಲಸುವುದು. ಒಂದೇ ದಿಕ್ಕಿಗೆ ಕೈಯಾಡಿಸಬೇಕು, ಕಾಯಿಸಿದ ಎಣ್ಣೆಯನ್ನು ಒಂದು ಸೌಟು ಸುರಿಯಬೇಕು, ಸೋಡಾ ಕೊನೆಗೆ. ನೀರಿನ ಬಟ್ಟಲಿಗೆ ಒಂದು ಹನಿ ಹಿಟ್ಟು ಬಿಟ್ಟರೆ ಅದು ತೇಲಬೇಕು. ಮುಳುಗಿದರೆ ಇನ್ನೂ ಕೈಯಾಡಿಸು. ಅಪ್ಪ ನಾಲ್ಕೂವರೆಗೆ ಬಿಳಿ ಅಂಗಿ ತೊಟ್ಟು ಬಂಡಿ ತಳ್ಳಿಕೊಂಡು ಹೊರಡುತ್ತಿದ್ದ. "ಅಜ್ಜಾನ ಕೈಯಾಗ ಏನೋ ಅದ" ಎಂದು ಬೀದರಿನವರು ಹೊಗಳುತ್ತಿದ್ದದ್ದು ಆ ಕೈಯನ್ನು.

ನನ್ನನ್ನು ಅಪ್ಪ ಮೆಣಸಿನಕಾಯಿ ಮುಟ್ಟಗೊಡಲಿಲ್ಲ. "ನೀ ಸಾಲಿಗಿ ಹೋಗು, ಈ ಉರಿ ನಿನಗ ಬ್ಯಾಡ" ಎಂದ. ಹೋದೆ. ಮೆಟ್ರಿಕ್ ಪಾಸಾದೆ. 1977ರಲ್ಲಿ ಭಾಲ್ಕಿಗೆ ನನ್ನ ಲಗ್ನವಾಯಿತು. ನೋಡಲು ಬಂದ ಬೀಗರಿಗೆ ನಮ್ಮ ಸೋದರಮಾವ "ಇವರದು ಚೌಬಾರಾದಾಗ ಧಂದೆ ಅದ" ಎಂದಷ್ಟೇ ಹೇಳಿದ. ಧಂದೆ ಎಂದರೆ ಬಟ್ಟೆ ಅಂಗಡಿಯೂ ಆಗಬಹುದು, ಬಂಗಾರದ ಅಂಗಡಿಯೂ ಆಗಬಹುದು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ, ಬಾಯಿ ಬಿಡಲಿಲ್ಲ. ನಿಜ ತಿಳಿದ ಮೇಲೆ ಅತ್ತೆಯವರು ನನಗೆ ಏನೂ ಅನ್ನಲಿಲ್ಲ. ಆದರೆ ಭಾಲ್ಕಿಯ ಆ ಮನೆಯಲ್ಲಿ ಎಷ್ಟೋ ವರ್ಷ ಯಾರೂ ಭಜಿ ಮಾಡು ಎಂದು ಹೇಳಲಿಲ್ಲ. ನಾನಾಗಿಯೂ ಮಾಡಲಿಲ್ಲ. ಈ ಎರಡೂ ಮಾತು ಒಂದಕ್ಕೊಂದು ಎಷ್ಟು ಅಂಟಿಕೊಂಡಿದ್ದವು ಎಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಮ್ಮನಿಗೆ ಹೆಣ್ಣು ತಂದದ್ದು ಔರಾದದಿಂದ, 1986ರಲ್ಲಿ. ಅಪ್ಪ ಪ್ರತಿವರ್ಷ ಅಮರೇಶ್ವರನ ಜಾತ್ರೆಗೆ ಕಢಾಯಿ ಹೊತ್ತುಕೊಂಡು ಔರಾದಕ್ಕೆ ಹೋಗುತ್ತಿದ್ದ. ಬೀದರಿನಿಂದ ನಲ್ವತ್ತು ಕಿಲೋಮೀಟರಿನ ಆಸುಪಾಸು, ಬಸ್ಸಿನ ದಾರಿ. ಒಂದು ಜಾತ್ರೆಯಲ್ಲಿ ತೊಗರಿ ಹೊಲದವರ ಮನೆಯ ಹುಡುಗಿಯೊಬ್ಬಳು ಭಜಿ ಕಚ್ಚಿ "ಅಜ್ಜಾ, ಇವತ್ತ ಉಪ್ಪು ಕಡಿಮಿ ಅದ" ಎಂದಳಂತೆ. ಇಪ್ಪತ್ತು ವರ್ಷದಲ್ಲಿ ಅಪ್ಪನಿಗೆ ಯಾರೂ ಹಾಗೆ ಅಂದಿರಲಿಲ್ಲ. ಕಚ್ಚಿ ನೋಡಿದ, ಹೌದು, ಕಡಿಮೆ ಇತ್ತು. ಆ ಹುಡುಗಿಯ ಮನೆ ಯಾವುದೆಂದು ಅಂದೇ ವಿಚಾರಿಸಿಕೊಂಡು ಬಂದ. ತಮ್ಮನ ಹೆಂಡತಿ ಮಾತ್ರ ಈ ಕತೆಯನ್ನು ಒಪ್ಪುವುದಿಲ್ಲ. "ನಾ ಎಲ್ಲಿ ಅಂದಿನ್ರಿ ಅಕ್ಕಾ, ಅಂದಾಕಿ ನಮ್ಮವ್ವ. ಮಾಮಾಗ ನಾ ಕಂಡೆ ಅಷ್ಟೇ" ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಅವಳಿಗೆ ಹೆಸರಿಗಿಂತ ಹೆಚ್ಚಾಗಿ ಔರಾದದಾಕಿ ಎಂದೇ ಕರೆದದ್ದು. ಅಷ್ಟರಲ್ಲಿ ನಾನು ಅದೇ ಮನೆಯಲ್ಲಿ ಭಾಲ್ಕಿಯಾಕಿ ಆಗಿದ್ದೆ.

ಔರಾದದಾಕಿ ಬಂದ ಮರುದಿನದಿಂದಲೇ ಅವ್ವನ ಎದುರಿಗೆ ಈಳಿಗೆ ಹಿಡಿದು ಕೂತಳು. ತಮ್ಮನಿಗೆ ಪಗಾರದ ನೌಕರಿ ಸಿಕ್ಕಿತ್ತು, ಬಂಡಿಯ ಕಡೆ ಅವನ ಲಕ್ಷ್ಯವಿರಲಿಲ್ಲ. ಅಪ್ಪ ಹೋದಾಗ "ಬಂಡಿ ಮಾರಿಬಿಡೋಣು" ಎಂದು ಅವನೇ ಮೊದಲು ಹೇಳಿದ. ಹದಿಮೂರನೆಯ ದಿನ ಮುಗಿಯಿತು. ಹದಿನಾಲ್ಕನೆಯ ದಿನ ನಾಲ್ಕೂವರೆಗೆ ಔರಾದದಾಕಿ ಬಂಡಿ ಹೊರಗೆ ತೆಗೆದಳು. ಹೆಣ್ಣುಮಗಳು ಚೌಬಾರಾದಲ್ಲಿ ನಿಲ್ಲುವುದೇ ಎಂದು ಓಣಿಯವರು ಅಂದರು. ಅವ್ವ ಏನೂ ಅನ್ನದೆ ಹಿಂದಿನಿಂದ ಬಂಡಿ ನೂಕಿದಳು.

ಇನ್ನು ವಹಿಗಳ ವಿಷಯ. ಅಪ್ಪ ಕೆಂಪು ಬಟ್ಟೆಯ ಹೊದಿಕೆ ಹಾಕಿದ ಹನ್ನೊಂದು ವಹಿಗಳನ್ನು ಟ್ರಂಕಿನಲ್ಲಿ ಬಿಟ್ಟುಹೋಗಿದ್ದ. ಉದ್ರಿ ಯಾರ್ಯಾರ ಕಡೆ ಬರಬೇಕು, ಎಣ್ಣೆಯವನಿಗೆ ಎಷ್ಟು ಕೊಡಬೇಕು, ಎಲ್ಲ ಅದರಲ್ಲಿತ್ತು. ಆದರೆ ಅದೆಲ್ಲ ಉರ್ದು. ಅಪ್ಪ ನಿಜಾಮರ ಕಾಲದಲ್ಲಿ ಐದನೆಯ ಇಯತ್ತೆ ಓದಿದವನು. 1948ರ ಸೆಪ್ಟೆಂಬರಿನವರೆಗೆ ನಮ್ಮ ಕಡೆ ದಫ್ತರದ ಭಾಷೆ, ಸಾಲಿಯ ಭಾಷೆ ಉರ್ದುವೇ. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದ ಅಪ್ಪನಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. 1956ರಲ್ಲಿ ಜಿಲ್ಲೆಯನ್ನು ಮೂರು ರಾಜ್ಯಕ್ಕೆ ಹಂಚಿ, ಬೀದರ, ಭಾಲ್ಕಿ, ಔರಾದ ಮೈಸೂರಿಗೆ ಬಂದ ಮೇಲೆ ಹುಟ್ಟಿ ಓದಿದವರು ನಾವು. ಅಪ್ಪನ ಲೆಕ್ಕ ನಮಗೆ ಇರುವೆ ಸಾಲಿನಂತೆ ಕಾಣುತ್ತಿತ್ತು.

ಓದಬಲ್ಲವರು ನಮ್ಮ ಮಾವನವರು. ಭಾಲ್ಕಿಯಲ್ಲಿ ಆ ಕಾಲದವರಿಗೆ ಎರಡೂ ಬರುತ್ತಿತ್ತು. ಹೊರಗೆ ಉರ್ದು ಹಲಗೆ ಹಾಕಿ ಒಳಗೆ ಕನ್ನಡ ಕಲಿಸಿದ ಹಿರೇಮಠದ ಚನ್ನಬಸವ ಪಟ್ಟದೇವರ ಊರು ಅದು. ನೂರು ದಾಟಿ ಬಾಳಿದ ಆ ಹಿರಿಯರು 1999ರಲ್ಲಿ ಲಿಂಗೈಕ್ಯರಾದರು. ಅವರ ಸಾಲಿಯಲ್ಲಿ ಓದಿದ ಮಾವನವರು ಉರ್ದುವಿನಲ್ಲಿ ಗುಮಾಸ್ತಿಕೆ ಮಾಡಿ, ಕನ್ನಡದಲ್ಲಿ ವಚನ ಬರೆದಿಟ್ಟುಕೊಳ್ಳುವವರು.

1995ರ ಬೇಸಿಗೆಯಲ್ಲಿ ಅವ್ವ ಮತ್ತು ಔರಾದದಾಕಿ ವಹಿಗಳನ್ನು ಗಂಟು ಕಟ್ಟಿಕೊಂಡು ರೈಲಿನಲ್ಲಿ ಭಾಲ್ಕಿಗೆ ಬಂದರು. ಬೀಗರ ಮನೆಯಲ್ಲಿ ಭಜಿಯ ಲೆಕ್ಕ ಬಿಚ್ಚುವುದೆಂದರೆ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು. ಮಾವನವರು ಪಡಸಾಲೆಯಲ್ಲಿ ಕೂತು ಕನ್ನಡಕ ಏರಿಸಿದರು. ನಾವು ಹಿಂದಿನ ಪುಟ ಎಂದುಕೊಂಡಿದ್ದದ್ದೇ ಮೊದಲ ಪುಟ. "ಇದ್ರಾಗ ಅಕ್ಷರ ಬಲಕ್ಕಿಂದ ಎಡಕ್ಕ ಹೋಗ್ತಾವ, ಅಂಕಿ ಎಡಕ್ಕಿಂದ ಬಲಕ್ಕ" ಎಂದು ಔರಾದದಾಕಿಗೆ ತೋರಿಸಿದರು. ಅವಳು ಹತ್ತೇ ನಿಮಿಷದಲ್ಲಿ ಅಂಕಿ ಗುರುತಿಸಲು ಕಲಿತಳು. ಅತ್ತೆಯವರು ಅಡಿಗೆಮನೆಯ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು.

ಬ್ಯಾಳಿ ಇಷ್ಟು, ಎಣ್ಣೆ ಇಷ್ಟು, ಕಲ್ಲಿದ್ದಲು ಇಷ್ಟು. ಉದ್ರಿಯಲ್ಲಿ ಹೆಸರುಗಳಿಗಿಂತ ಗುರುತುಗಳೇ ಹೆಚ್ಚು, ಉದಗೀರವಾಲಾ, ಕೋರ್ಟಿನ ಪಟ್ಟೇವಾಲಾ, ಚಷ್ಮಾ ಮಾಸ್ತರ. ಮಾವನವರು ಓದುತ್ತ ಓದುತ್ತ ಒಂದು ಕಡೆ ನಿಂತರು. ಮತ್ತೆ ಮುಂದಿನ ಪುಟ ತೆಗೆದರು, ಅದರ ಮುಂದಿನದು ತೆಗೆದರು.

"ದಿನಾ ಒಂದು ಸಾಲು ಅದ ಇಲ್ಲಿ. ಮಜ್ದೂರಿ, ಘರ್‌ವಾಲಿ, ಆಠ್ ಆನೆ."

ಯಾರಿಗೂ ಒಮ್ಮೆಲೇ ಹೊಳೆಯಲಿಲ್ಲ. ಮನೆಯ ಖರ್ಚಿರಬೇಕು ಎಂದೆ ನಾನು. "ಅಲ್ಲವಾ, ಮನಿ ಖರ್ಚು ಖಾನಗಿ ಅಂತ ಬ್ಯಾರೆ ಬರದಾರ. ಇದು ಕೂಲಿ. ಬಂಡಿ ಹುಡುಗನ ಕೂಲಿ ಮ್ಯಾಲಿನ ಸಾಲಿನಾಗದ, ಕೆಳಗ ಇದು." ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬೀಗರ ಮುಂದೆ ಮಾತಾಡಿದ್ದು ಅದೇ ಮೊದಲು. "ನನ್ನ ಹೆಸರಿಲೆ ಕೂಲಿ ಬರದಾರಂತೇನ್ರಿ?" "ಹೌದ್ರಿ." "ಕೊಟ್ಟಾರಂತ ಬರದಾರೇನು?" "ಖರ್ಚಿನಾಗ ಹಿಡದಾರಂದ್ರ ಕೊಟ್ಟಾಂಗೇ ಲೆಕ್ಕ." ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೂಡಿಸ್ರಿ" ಎಂದಳು.

ಮಾವನವರು ಮೊದಲನೆಯ ವಹಿಯೊಂದನ್ನೇ ಕೂಡಿಸಿದರು. ಅದಕ್ಕೇ ಸಂಜೆಯಾಯಿತು. ಸಾವಿರದ ಇಪ್ಪತ್ತೈದು ದಿನ, ಐದುನೂರ ಹನ್ನೆರಡು ರೂಪಾಯಿ ಎಂಟಾಣೆ. "ಆಗ ಇಷ್ಟರಾಗ ಮೂರ್ನಾಕು ತೊಲಿ ಬಂಗಾರ ಬರ್ತಿತ್ತು" ಎಂದಳು ಅವ್ವ. ಸಿಟ್ಟಿನಿಂದ ಹೇಳಿದಳೋ, ಅಭಿಮಾನದಿಂದ ಹೇಳಿದಳೋ ನನಗೆ ಇವತ್ತಿಗೂ ತೀರ್ಮಾನಿಸಲು ಆಗಿಲ್ಲ. ಅಪ್ಪ ಮೋಸ ಮಾಡುವ ಮನುಷ್ಯನಲ್ಲ. ಅವಳ ಕೆಲಸಕ್ಕೆ ಬೆಲೆ ಇದೆಯೆಂದು ಅವನಿಗೆ ಗೊತ್ತಿತ್ತು, ದಿನವೂ ತಪ್ಪದೆ ಬರೆದ, ಅದನ್ನು ಕಳೆದೇ ಲಾಭ ತೆಗೆದ. ಆದರೆ ಆ ಎಂಟಾಣೆ ಡಬ್ಬಿಯಿಂದ ಹೊರಗೆ ಬಂದು ಅವಳ ಉರಿಯುವ ಕೈಗೆ ಒಂದು ದಿನವೂ ಬೀಳಲಿಲ್ಲ. ಮೂವತ್ತೆರಡು ವರ್ಷ ಅವನು ಬರೆದದ್ದನ್ನು ಅವಳು ಓದಲಾರಳು, ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಕೊಡಬೇಕಾಗುತ್ತಿತ್ತಲ್ಲ!

ಮುಂದಿನ ವಹಿಗಳಲ್ಲಿ ಎಂಟಾಣೆ ಒಂದು ರೂಪಾಯಿ ಆಯಿತು, ಎರಡಾಯಿತು, ಐದಾಯಿತು. ಕೊನೆಯ ವಹಿಗಳಲ್ಲಿ ಕೂಲಿಯ ಸಾಲು ಎರಡು. ಔರಾದದಾಕಿ ಅಂಕಿಯ ಮೇಲೆ ಬೆರಳಿಟ್ಟು "ಇದೇನ್ರಿ, ಇಲ್ಲಿ ಎರಡ ರೂಪಾಯಿ?" ಎಂದಳು. ಮಾವನವರು ಓದಿದರು: "ಬಹೂ."

ಅಷ್ಟು ಹೊತ್ತು ತುಟಿ ಬಿಚ್ಚದೆ ಇದ್ದ ಅತ್ತೆಯವರು ಮರವನ್ನು ಕೆಳಗಿಟ್ಟು ಎದ್ದು ಬಂದರು. ನನಗೆ ಎದೆ ಡವಡವ. ಭಜಿಯವರ ಲೆಕ್ಕ ಸಾಕು, ಗಂಟು ಕಟ್ಟಿರಿ ಎನ್ನುತ್ತಾರೆ ಎಂದುಕೊಂಡೆ. ಅವರು ಮಾವನವರ ಎದುರಿಗೆ ನಿಂತು ಕೇಳಿದರು, "ನೀವೂ ನಲ್ವತ್ತು ವರ್ಷ ಲೆಕ್ಕ ಬರದೀರಿ. ನಂದು ಎಲ್ಲಿ ಬರದೀರಿ?"

ಮಾವನವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಮರುದಿನ ಅತ್ತೆಯವರು ನನಗೆ "ಸಂಜೀಕ ನಾಲ್ಕು ಮಿರ್ಚಿ ಭಜಿ ಮಾಡು" ಎಂದರು. ಲಗ್ನವಾಗಿ ಹದಿನೆಂಟು ವರ್ಷದ ಮೇಲೆ. ನಾನು ಮಾಡಿದೆ. ಹಿಟ್ಟು ಒಂದು ಕಡೆ, ಮೆಣಸಿನಕಾಯಿ ಒಂದು ಕಡೆ ಆಯಿತು. ನನಗೆ ಆ ವಿದ್ಯೆ ಯಾರೂ ಕಲಿಸಿರಲಿಲ್ಲ.

ಬೀದರಿಗೆ ಮರಳಿದ ಔರಾದದಾಕಿ ಹಾಲಿನ ಪುಡಿಯ ಎರಡು ಖಾಲಿ ಡಬ್ಬಿ ತಂದು ದೇವರ ಗೂಡಿನಲ್ಲಿಟ್ಟಳು. ರಾತ್ರಿ ಗಲ್ಲೆ ಎಣಿಸಿದಾಗ ಮೊದಲು ಅತ್ತೆಯ ಕೂಲಿ ಒಂದರಲ್ಲಿ, ತನ್ನ ಕೂಲಿ ಇನ್ನೊಂದರಲ್ಲಿ. ಆಮೇಲೆ ಎಣ್ಣೆಯವನು, ಬ್ಯಾಳಿಯವನು, ಲಾಭ. ತಮ್ಮ ನಗಾಡಿದ. "ಒಂದ ಮನ್ಯಾಗ ಎಂಥಾ ಕೂಲಿ?" ಎಂದ. "ಮಾಮಾ ಬರದು ಇಟ್ಟಾರ್ರಿ, ನಾ ಕೊಡ್ಲತ್ತೀನಿ" ಎಂದಳು ಅವಳು. ಆ ಡಬ್ಬಿಯ ದುಡ್ಡಿನಿಂದಲೇ ಅವ್ವ ತನ್ನ ಅರವತ್ತು ದಾಟಿದ ವಯಸ್ಸಿನಲ್ಲಿ ತನಗೆಂದು ಎರಡು ಬಳೆ ಮಾಡಿಸಿಕೊಂಡಳು. ನೋಡಿದವರಿಗೆಲ್ಲ "ನನ್ನ ಪಗಾರದ್ದು" ಎಂದು ಕೈ ಚಾಚಿ ತೋರಿಸುತ್ತಿದ್ದಳು.

ಬೀದಿ ವ್ಯಾಪಾರಿಗಳಿಗೆಂದೇ ಒಂದು ಕಾಯಿದೆ ಬಂದದ್ದು 2014ರಲ್ಲಿ. ಒಳ್ಳೆಯ ಕಾಯಿದೆ. ಹೇಳದೆ ಕೇಳದೆ ಬಂಡಿ ಎತ್ತಿಸುವ ಹಾಗಿಲ್ಲ, ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಮಾಡಬೇಕು, ಪ್ರಮಾಣಪತ್ರ ಕೊಡಬೇಕು. ಐವತ್ತು ವರ್ಷ ದಾಟಿದ ಬಜಾರನ್ನು ಪಾರಂಪರಿಕ ಬಜಾರೆಂದು ಗುರುತಿಸಬೇಕೆಂದೂ ಇದೆ. ಮನೆಗೆ ಹಿರಿಯಳೆಂದು ಪ್ರಮಾಣಪತ್ರ ಅವ್ವನ ಹೆಸರಿಗಾಯಿತು. 2020ರಲ್ಲಿ ಬಜಾರು ಮುಚ್ಚಿ ಬಂಡಿ ಅಂಗಳದಲ್ಲಿ ತುಕ್ಕು ಹಿಡಿದು ನಿಂತಾಗ, ಸರಕಾರ ಹತ್ತು ಸಾವಿರದ ಸಾಲ ಕೊಟ್ಟಿತು. ಅದಕ್ಕೆ ಹೆಬ್ಬೆಟ್ಟು ಒತ್ತಿದವಳು ಅವ್ವ, ತಿಂಗಳು ತಿಂಗಳು ಕಂತು ತೀರಿಸಿದವಳು ಔರಾದದಾಕಿ. 2021ರಲ್ಲಿ ಅವ್ವ ಹೋದಳು.

ಅವ್ವನ ಕಾಗದ ಹಿಡಿದುಕೊಂಡು ನಾವಿಬ್ಬರೂ ಕಚೇರಿಗೆ ಹೋದೆವು. ಅಲ್ಲಿದ್ದ ಹುಡುಗ ಪಾಪ, ಮರ್ಯಾದೆಯಿಂದಲೇ ಕಾಯಿದೆ ಓದಿ ಹೇಳಿದ. ವ್ಯಾಪಾರಿ ತೀರಿಕೊಂಡರೆ ಪತ್ರದ ಅವಧಿ ಮುಗಿಯುವ ತನಕ ಅವರ ಜಾಗದಲ್ಲಿ ಕೂರಬಹುದಾದವರು, ಮೊದಲು ಗಂಡ ಅಥವಾ ಹೆಂಡತಿ, ಇಲ್ಲವೇ ಅವಲಂಬಿತ ಮಗ ಮಗಳು. ಗಂಡ ಎಂದೋ ಹೋಗಿದ್ದಾನೆ. ಮಗ ಪಗಾರ ಎಣಿಸಿದವನು. ಮಗಳು, ಅಂದರೆ ನಾನು, ಭಾಲ್ಕಿಯಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದೇನೆ. "ಸೊಸಿ ಅಂತ ಇದರಾಗ ಇಲ್ರಿ ಅಮ್ಮಾ" ಎಂದ ಹುಡುಗ. ಔರಾದದಾಕಿಗೆ ಸಿಟ್ಟು ಬರಲಿಲ್ಲ, ನನಗೆ ಬಂತು. ಓದದ ಅಪ್ಪನ ವಹಿಯಲ್ಲಿ 'ಬಹೂ' ಎಂಬ ಸಾಲಿತ್ತು. ದಿಲ್ಲಿಯಲ್ಲಿ ಕೂತು ಓದಿದವರು ಬರೆದದ್ದರಲ್ಲಿ ಇರಲಿಲ್ಲ. ಮುಂದಿನ ಸಮೀಕ್ಷೆಗೆ ಬಂದವರು ಬಂಡಿ ಯಾರದು ಎಂದು ಕೇಳಿದಾಗ ಗಿರಾಕಿಗಳೆಲ್ಲ ರೂಢಿಯಂತೆ "ಅಜ್ಜಾಂದು" ಎಂದರಂತೆ. ಔರಾದದಾಕಿ ಝಾರಾ ಮೇಲೆತ್ತಿ, "ನನ್ನ ಹೆಸರು ಬರಕೋರಿ" ಎಂದು ಪೂರ್ತಿ ಹೆಸರು, ತವರಿನ ಊರಿನ ಸಮೇತ, ಎರಡು ಸಲ ಹೇಳಿ ಬರೆಸಿದಳು.

ಮೊನ್ನೆ ಬೀದರಿಗೆ ಹೋದಾಗ ಒಂದು ಮಧ್ಯಾಹ್ನ ಕೂತು ನೋಡುವ ಬದಲು ನಾನೂ ಒಂದು ಈಳಿಗೆ ಹತ್ತಿರ ಎಳೆದುಕೊಂಡೆ. ಅವಳ ಮಗಳು, ಕಾಲೇಜಿಗೆ ಹೋಗುವವಳು, ರಬ್ಬರಿನ ಕೈಗವಸು ಹಾಕಿಕೊಂಡು ಸೀಳುತ್ತಾಳೆ. ನನಗೂ ಒಂದು ಜೋಡಿ ಕೊಡಲು ಬಂದಳು. ಬೇಡ ಎಂದೆ. ಒಂದು ಕಿಲೋ ಮುಗಿಸುವಷ್ಟರಲ್ಲಿ ಬೆರಳ ಸಂದಿಯಲ್ಲೆಲ್ಲ ಕೆಂಡ. ಸಂಜೆ ಬಂಡಿಯ ಪಕ್ಕದಲ್ಲಿ ನಿಂತಿದ್ದೆ. ಈಗ ಅಲ್ಲಿ ಒಂದು ಸಣ್ಣ ಡಬ್ಬಿ ಇದೆ, ಗಿರಾಕಿ ಫೋನ್ ಪೇ ಮಾಡಿದೊಡನೆ ಇಷ್ಟು ರೂಪಾಯಿ ಬಂತು ಎಂದು ಗಟ್ಟಿಯಾಗಿ ಕೂಗುತ್ತದೆ. ಅಪ್ಪ ಇದ್ದಿದ್ದರೆ ಅದರ ಬಾಯಿ ಮುಚ್ಚಿಸುತ್ತಿದ್ದ, ಅವನಿಗೆ ಲೆಕ್ಕ ಕೂಗುವ ಅಭ್ಯಾಸವಿರಲಿಲ್ಲ.

ಕಡೆಯ ಬಸ್ಸಿಗೆ ಹೊರಟಾಗ ಔರಾದದಾಕಿ ಗಲ್ಲೆಯಿಂದ ಐವತ್ತರ ನೋಟು ತೆಗೆದು ನನ್ನ ಕೈಯಲ್ಲಿಟ್ಟಳು.

"ಇದ್ಯಾಕ?" ಎಂದೆ.

"ಒಂದ್ ಕಿಲೋ ಸೀಳೀರಲ್ರಿ ಅಕ್ಕಾ. ತಗೋರಿ, ನಿಮ್ಮ ಮಜೂರಿ."

ಭಾಲ್ಕಿಯ ಬಸ್ಸಿನಲ್ಲಿ ಕಂಡಕ್ಟರು ಆಧಾರ್ ನೋಡಿ ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟ. 2023ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ. ನೋಟು ಮುಷ್ಟಿಯಲ್ಲೇ ಉಳಿಯಿತು. ಹಲಬರ್ಗಾ ದಾಟುವಾಗ ಕಣ್ಣಲ್ಲಿ ಏನೋ ಬಿದ್ದಂತಾಯಿತು. ಕೈಯೆತ್ತಿದವಳು ಖಾರದ ನೆನಪಾಗಿ ತಡೆದೆ, ಮೊಳಕೈಯಿಂದ ಒರೆಸಿಕೊಂಡೆ.